ದಮ್ಮು ಇಲ್ಲದ ದಿನಕ್ಕೂ ಔಷಧಿ ಬರೆಯುವ ಡಾಕ್ಟರ್

ಶಿರಸಿ, ಸಿದ್ದಾಪುರ, ಕುಮಟಾ ಕಡೆ ದಮ್ಮಿಗೆ, ಅಂದರೆ ಅಸ್ತಮಾಕ್ಕೆ, ಒಳ್ಳೆ ಡಾಕ್ಟರ್ ಯಾರು ಅಂತ ಕೇಳಿ ನೋಡಿ. ಕೈಗುಣದ ಕತೆಗಳು ಶುರುವಾಗುತ್ತವೆ. ಒಂದು ಇಂಜೆಕ್ಷನ್, ಸ್ವಲ್ಪ ಹೊತ್ತು ನೆಬ್ಯುಲೈಸರ್, ಐದು ದಿನದ ಮಾತ್ರೆ, ಮೂರನೇ ದಿನ ಮನುಷ್ಯ ತೋಟದಲ್ಲಿ! ಆ ಡಾಕ್ಟರಿಗೆ ಹೆಸರು ಬರುತ್ತದೆ. ಬರಲಿ, ಉಸಿರು ಸಿಗದೆ ಒದ್ದಾಡಿದವನಿಗೇ ಅದರ ಬೆಲೆ ಗೊತ್ತು. ಆದರೆ ಪ್ರತಿ ಮಳೆಗಾಲಕ್ಕೂ ಅದೇ ಮನುಷ್ಯ ಅದೇ ಬೆಂಚಿನ ಮೇಲೆ ಯಾಕೆ ಕೂತಿರುತ್ತಾನೆ ಅಂತ ಯಾರೂ ಕೇಳುವುದಿಲ್ಲ. ದಿನಾ ಎಳೆಯುವ ಇನ್ಹೇಲರ್ ಬರೆದು, ಆರಾಮ ಇದ್ದರೂ ಬಿಡಬೇಡಿ ಅನ್ನುವ ಡಾಕ್ಟರ್ ಇದ್ದಾರಲ್ಲ, ಅವರಿಗೆ ಹೆಸರೇ ಇಲ್ಲ. ಅವರ ಕೆಲಸ ಕಣ್ಣಿಗೆ ಕಾಣುವುದಿಲ್ಲ ಅಲ್ವಾ?

ಒಳಗೆ ನಡೆಯುವುದು ಇಷ್ಟು. ದಮ್ಮು ಬಂದಾಗ ಶ್ವಾಸನಾಳದ ಸುತ್ತ ಇರುವ ಸ್ನಾಯು ಬಿಗಿಯುತ್ತದೆ. ಇದು ಬಂದು ಹೋಗುವ ತೊಂದರೆ. ನಾಳದ ಒಳಪದರದ ಊತ ಹಾಗಲ್ಲ. ನೀವು ಆರಾಮಾಗಿ ಊಟಕ್ಕೆ ಕೂತಾಗಲೂ ಅದು ಇರುತ್ತದೆ, ಕಫ ಸುರಿಸುತ್ತಲೇ ಇರುತ್ತದೆ. ಬೂಷ್ಟು ಹಿಡಿದ ಗೋಡೆ, ಅಡಿಕೆ ಬೇಯಿಸುವ ಹೊಗೆ, ಒಂದು ನೆಗಡಿ, ಏನಾದರೊಂದು ನೆಪ ಸಿಕ್ಕರೆ ಸಾಕು, ಊದಿದ ನಾಳ ಮುಚ್ಚಿಕೊಳ್ಳುತ್ತದೆ. ಎಲ್ಲರ ಜೇಬಿನಲ್ಲಿರುವ ಸಾಲ್ಬುಟಮಾಲ್ ಇನ್ಹೇಲರ್ ಆ ಸ್ನಾಯುವನ್ನು ಕೆಲವೇ ನಿಮಿಷದಲ್ಲಿ ಸಡಿಲ ಮಾಡುತ್ತದೆ, ನಾಲ್ಕರಿಂದ ಆರು ತಾಸು ಅದರ ಕೆಲಸ ನಡೆಯುತ್ತದೆ. ಊತ ಅದರ ಪಾಡಿಗೆ ಅದು ಇರುತ್ತದೆ.

ಊತಕ್ಕೆ ಬೇಕಾದದ್ದು ಬುಡೆಸೊನೈಡ್ ಥರದ ಸ್ಟೀರಾಯ್ಡ್. ನನಗೆ ಬಹಳ ಇಷ್ಟದ ವಿಷಯ ಇದು, ಸ್ವಲ್ಪ ಜಾಸ್ತಿ ಹೇಳುತ್ತೇನೆ. ಈ ಔಷಧಿ ಜೀವಕೋಶದ ಒಳಕ್ಕೇ ಹೋಗುತ್ತದೆ. ಅಲ್ಲಿ ಒಂದು ಗ್ರಾಹಕವನ್ನು, ಅಂದರೆ ಔಷಧಿ ಬಂದು ಕೂರುವ ಪ್ರೋಟೀನನ್ನು, ಹಿಡಿದುಕೊಂಡು ನ್ಯೂಕ್ಲಿಯಸ್ ಸೇರುತ್ತದೆ. ಊತ ಹುಟ್ಟಿಸುವ ಪ್ರೋಟೀನು ತಯಾರಿಸುವ ಜೀನ್‌ಗಳ ಬಾಯಿ ಮುಚ್ಚಿಸುತ್ತದೆ. ಅಷ್ಟೇ ಅಲ್ಲ, ಸಾಲ್ಬುಟಮಾಲ್ ಹೋಗಿ ಕೂರುವ ಗ್ರಾಹಕಗಳನ್ನು ಜಾಸ್ತಿ ಮಾಡಿಸುತ್ತದೆ, ಅಂದರೆ ಇನ್ನೊಂದು ಔಷಧಿಗೆ ತಾನೇ ಜಾಗ ಮಾಡಿಕೊಡುತ್ತದೆ! ಹಳೇ ಪ್ರೋಟೀನು ಖಾಲಿಯಾಗಬೇಕು, ಊತ ಇಳಿಯಬೇಕು. ಅದಕ್ಕೆ ದಿನಗಳು, ವಾರಗಳು ಬೇಕು. ಎರಡು ದಿನ ಎಳೆದು ಏನೂ ಆಗಲಿಲ್ಲ ಅಂತ ಬಿಟ್ಟವರು ಜೀನ್‌ಗಳಿಗೆ ಸುಮ್ನೆ ಒಂದು ಸುಳಿವು ಕೊಟ್ಟು ವಾಪಸ್ ಬಂದ ಹಾಗಾಯ್ತು.

ಮಳೆ ಹಿಡಿಯುವ ಮೊದಲೇ ಅಡಿಕೆ ಕೊನೆಗೆ ಕೊಳೆರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಹೊಡೆಸುವವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾ? ಒಂದು ಕಾಯಿಯೂ ಉದುರಿರುವುದಿಲ್ಲ, ಆದರೂ ಮರ ಹತ್ತುವ ಕೊನೆಗೌಡನಿಗೆ ದುಂಬಾಲು ಬಿದ್ದು ಮದ್ದು ಹೊಡೆಸುತ್ತಾರೆ. ನಲವತ್ತು ದಿನ ಕಳೆದ ಮೇಲೆ ಮತ್ತೊಮ್ಮೆ ಹೊಡೆಸುತ್ತಾರೆ. ಅದೇ ಜನ ತಮ್ಮ ಎದೆಯ ವಿಷಯಕ್ಕೆ ಬಂದಾಗ, ಈಗ ದಮ್ಮಿಲ್ಲ, ಔಷಧಿ ಯಾಕೆ ಅನ್ನುತ್ತಾರೆ.

ಬರೀ ಆರಾಮ ಕೊಡುವ ಇನ್ಹೇಲರ್ ನಂಬಿಕೊಂಡರೆ ಏನಾಗುತ್ತದೆ ಅನ್ನುವುದನ್ನು ನ್ಯೂಜಿಲೆಂಡ್ ಬಹಳ ಬೆಲೆ ಕೊಟ್ಟು ಕಲಿಯಿತು. 1976ರಲ್ಲಿ ಅಲ್ಲಿ ಫೆನೊಟೆರಾಲ್ ಅನ್ನುವ ಜೋರಾದ ಇನ್ಹೇಲರ್ ಬಂತು. ಅದರ ಬೆನ್ನಿಗೇ ಅಸ್ತಮಾ ಸಾವುಗಳು ಏರಿದವು. 1989ರಲ್ಲಿ ಅದಕ್ಕೆ ಕಡಿವಾಣ ಹಾಕಿದರು, ಸಾವು ಇಳಿಯಿತು. ಆದರೂ ಅಸ್ತಮಾ ಚಿಕಿತ್ಸೆಯ ಅಂತಾರಾಷ್ಟ್ರೀಯ ಮಾರ್ಗಸೂಚಿಯಾದ ಜೀನಾ, ದೊಡ್ಡವರಿಗೆ ಬರೀ ಸಾಲ್ಬುಟಮಾಲ್ ಒಂದನ್ನೇ ಕೊಡಬೇಡಿ ಅಂತ ಹೇಳಿದ್ದು 2019ರಲ್ಲಿ. ಅಷ್ಟು ತಡ!

ಇನ್ನು ಇನ್ಹೇಲರ್ ಚಟ ಹಿಡಿಯುತ್ತದೆ, ಅದು ಕೊನೇ ಹಂತದ ಔಷಧಿ ಅನ್ನುವ ಮಾತು. ಇದನ್ನು ಕೇಳಿ ಕೇಳಿ ಸಾಕಾಗಿದೆ. ಐದು ದಿನ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ನುಂಗಿದರೆ 200 ಮಿಲಿಗ್ರಾಂ ಸ್ಟೀರಾಯ್ಡ್ ಆಯ್ತು. ದಿನಕ್ಕೆ 400 ಮೈಕ್ರೋಗ್ರಾಂ ಬುಡೆಸೊನೈಡ್ ಎಳೆಯುವವರಿಗೆ ಅಷ್ಟು ತೂಕ ಆಗಲು 500 ದಿನ ಬೇಕು. ಎರಡರ ಶಕ್ತಿ ಒಂದೇ ಅಲ್ಲ, ಬುಡೆಸೊನೈಡ್ ಜಾಸ್ತಿ ಚುರುಕು. ಆದರೆ ಅದು ನೇರ ಶ್ವಾಸನಾಳದ ಮೇಲೆ ಬೀಳುತ್ತದೆ. ನುಂಗಿದ ಪಾಲಿನಲ್ಲಿ ಹೆಚ್ಚಿನದನ್ನು ಲಿವರ್ ಮುಗಿಸಿಬಿಡುತ್ತದೆ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಬೂಷ್ಟು ಬರಬಹುದು. ಇಷ್ಟಕ್ಕೆ ಹೆದರುವವರೇ ಹೆಸರಿಲ್ಲದ ಪೊಟ್ಟಣದ ಪುಡಿ ತಂದು ನುಂಗುತ್ತಾರೆ. ಅಂಥ ಪುಡಿಗಳಲ್ಲಿ ಲೆಕ್ಕವಿಲ್ಲದೆ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಸಿಕ್ಕಿದೆ. ಮೃಗಶಿರದ ಹೊತ್ತಿಗೆ ಹೈದರಾಬಾದಿಗೆ ಮೀನಿನ ಔಷಧಿಗೆ ಹೋಗುವವರ ಬಗ್ಗೆ ನಾನೇನೂ ಹೇಳುವುದಿಲ್ಲ. ಹೋಗುವಾಗ ಇನ್ಹೇಲರ್ ಮನೆಯಲ್ಲಿ ಬಿಡಬೇಡಿ.

ಸರಿ, ಬರೆದುಕೊಡುವವರು ಯಾರು? ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ದೊಡ್ಡ ಡಾಕ್ಟರ್ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಕಾರವಾರದವರಿಗೆ ಗೋವಾ. ಒಮ್ಮೆ ಹೋಗಿ ಬರುವುದು ಒಳ್ಳೆಯದೇ, ಅಥವಾ ಮೊದಲು ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಕೇಳಿ. ಮುಖ್ಯವಾಗಿ ಸ್ಪೈರೋಮೆಟ್ರಿ ಆಗಬೇಕು, ಜೋರಾಗಿ ಊದಿಸಿ ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಅಂತ ಅಳೆಯುವುದು. ಬಚ್ಚಲ ಒಲೆ, ಅಡುಗೆ ಒಲೆ ಊದಿ ಊದಿ ವಯಸ್ಸಾದ ಅಮ್ಮಂದಿರಿಗಂತೂ ಇದು ಬೇಕೇ ಬೇಕು. ಬೀಡಿ ಮುಟ್ಟದವರಿಗೂ ಹೊಗೆಯಿಂದ ಸಿಒಪಿಡಿ, ಅಂದರೆ ಶ್ವಾಸನಾಳ ಕಾಯಂ ಕಿರಿದಾಗುವ ರೋಗ, ಬರುತ್ತದೆ. ಅದನ್ನು ಅಸ್ತಮಾ ಅಂದುಕೊಂಡು ವರ್ಷಗಟ್ಟಲೆ ಔಷಧಿ ತೆಗೆದುಕೊಂಡವರಿದ್ದಾರೆ. ಸಿಒಪಿಡಿಗೆ ದಿನಕ್ಕೊಮ್ಮೆ ಎಳೆಯುವ ಟಿಯೋಟ್ರೋಪಿಯಂ ಇದೆ. ಅದರ ವಂಶದ ಮೂಲ ಉಮ್ಮತ್ತಿ ಜಾತಿಯ ಗಿಡಗಳಲ್ಲಿರುವ ಅಟ್ರೋಪಿನ್. ಉಮ್ಮತ್ತಿ ಸೇದಿ ದಮ್ಮು ಇಳಿಸುವ ಪದ್ಧತಿ 1802ರಲ್ಲಿ ಮದ್ರಾಸಿನಿಂದ ಇಂಗ್ಲೆಂಡಿಗೆ ಹೋಗಿತ್ತು. ಹಾಗಂತ ಬೇಲಿಯ ಗಿಡ ಕೀಳಬೇಡಿ, ಅದು ವಿಷ.

ರೋಗ ಯಾವುದು ಅಂತ ತಿಳಿದ ಮೇಲೆ ಪ್ರತಿ ತಿಂಗಳು ಘಟ್ಟ ಇಳಿಯಬೇಕಾಗಿಲ್ಲ. ರೋಗದ ಹೆಸರು, ಔಷಧಿಯ ಹೆಸರು, ಪ್ರಮಾಣ, ಯಾವ ಸಾಧನ, ಮುಂದಿನ ಭೇಟಿ ಯಾವಾಗ, ಎಲ್ಲ ಸ್ಪಷ್ಟವಾಗಿ ಬರೆಸಿಕೊಂಡು ಬನ್ನಿ. ಊರಿನ ಎಂಬಿಬಿಎಸ್ ಡಾಕ್ಟರ್ ಅದನ್ನೇ ಮುಂದುವರಿಸಬಹುದು. ಬಿಪಿ, ಶುಗರ್ ನೋಡುವ ಸರ್ಕಾರಿ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ರೋಗಗಳ) ಕಾರ್ಯಕ್ರಮದೊಳಗೆ ಈಗ ಅಸ್ತಮಾ, ಸಿಒಪಿಡಿ ಕೂಡ ಸೇರಿವೆ, ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಬುಡೆಸೊನೈಡ್ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ.

ಡಾಕ್ಟರ್ ಹೇಗೆ ಅಂತ ತಿಳಿಯಲು ಅವರು ಕೇಳುವ ಪ್ರಶ್ನೆ ಗಮನಿಸಿ. ರಾತ್ರಿ ಎಚ್ಚರ ಆಗುತ್ತದಾ, ವಾರದಲ್ಲಿ ಎಷ್ಟು ಸಲ ಸಾಲ್ಬುಟಮಾಲ್ ಬೇಕಾಯ್ತು ಅಂತ ಕೇಳುತ್ತಾರಾ? ಇನ್ಹೇಲರ್ ಎಳೆದು ತೋರಿಸಿ ಅನ್ನುತ್ತಾರಾ? ಅನ್ನದಿದ್ದರೆ ನೀವೇ ಎಳೆದು ತೋರಿಸಿ. ಎಷ್ಟೋ ಜನ ಒತ್ತಿದ ಮೇಲೆ ಉಸಿರು ಎಳೆಯುತ್ತಾರೆ, ಅಷ್ಟರಲ್ಲಿ ಅರ್ಧ ಔಷಧಿ ನಾಲಿಗೆ ಮೇಲೆ ಕೂತಿರುತ್ತದೆ. ಅಂಥವರು ಇನ್ಹೇಲರ್ ಬಾಯಿಗೆ ಸಿಕ್ಕಿಸುವ ಸ್ಪೇಸರ್ ಕೊಳವೆ ಕೇಳಿ ಬರೆಸಿಕೊಳ್ಳಿ.