ಗಡ್ಡೆ ತೆಗೆದ ಮೇಲೂ ಲಿವರ್ ಕ್ಯಾನ್ಸರ್ ಮರಳುವುದೇಕೆ?

‘ಗಡ್ಡೆ ಪೂರ್ತಿ ತೆಗೆದಿದ್ದೇವೆ’ ಎಂದು ಡಾಕ್ಟರು ಹೇಳಿರುತ್ತಾರೆ. ಆಮೇಲೂ ಕ್ಯಾನ್ಸರ್ ಮತ್ತೆ ಕಾಣಿಸಿಕೊಂಡರೆ ಮನೆಯವರಿಗೆ ಆಪರೇಷನ್ ಮೇಲೇ ಅನುಮಾನ ಬರುವುದು ಸಹಜ. ಆದರೆ ಹೆಚ್ಚಿನ ಸಲ ಕಾರಣ ಅಲ್ಲಿರುವುದಿಲ್ಲ. ಗಡ್ಡೆ ತೆಗೆಸಿಕೊಂಡವರಲ್ಲಿ ಶೇ. 70ರಷ್ಟು ಜನರಿಗೆ ಐದು ವರ್ಷದೊಳಗೆ ಈ ಕಾಯಿಲೆ ಮರಳಬಹುದು.

1967ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಸರ್ಜನ್ ಥಾಮಸ್ ಸ್ಟಾರ್ಜ್ಲ್, ಲಿವರ್ ಕ್ಯಾನ್ಸರ್ ಇದ್ದ ಪುಟ್ಟ ಮಗುವಿಗೆ ಇಡೀ ಲಿವರನ್ನೇ ಬದಲಿಸಿದರು. ಕಸಿಯಾದ ಮೇಲೆ ಒಂದು ವರ್ಷ ದಾಟಿದ ಮೊದಲ ಜೀವ ಅದು. ಕೊನೆಗೆ ಮಗುವನ್ನು ಕಿತ್ತುಕೊಂಡಿದ್ದು ಮರಳಿ ಬಂದ ಕ್ಯಾನ್ಸರ್. ಹಳೇ ಲಿವರೇ ಇಲ್ಲದಿರುವಾಗ ಅದು ಬಂದಿದ್ದೆಲ್ಲಿಂದ? ಆಪರೇಷನ್‌ಗೆ ಮೊದಲೇ ಕೆಲವು ಜೀವಕೋಶಗಳು ರಕ್ತದ ಜೊತೆ ಹೊರಬಿದ್ದಿದ್ದವು.

ಲಿವರ್ ಒಳಗೂ ಹೀಗೇ ಆಗುತ್ತದೆ. ಗಡ್ಡೆಯ ಜೀವಕೋಶಗಳು, ಕರುಳಿನಿಂದ ಲಿವರ್‌ಗೆ ರಕ್ತ ತರುವ ಪೋರ್ಟಲ್ ರಕ್ತನಾಳದ ಸಣ್ಣ ಕವಲುಗಳಿಗೆ ನುಗ್ಗಿ ಪಕ್ಕದಲ್ಲೇ ಬೀಡುಬಿಡುತ್ತವೆ. ಸ್ಕ್ಯಾನ್‌ಗೆ ಇವು ಸಿಗುವುದಿಲ್ಲ. ತೆಗೆದ ತುಂಡನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿದಾಗಷ್ಟೇ ಸುಳಿವು ಸಿಗುತ್ತದೆ. ಜಪಾನಿನ ಸರ್ಜನ್ ಮಸತೋಶಿ ಮಕುಚಿ 1980ರ ದಶಕದಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಗಡ್ಡೆಗೆ ರಕ್ತ ಒಯ್ಯುವ ಕವಲನ್ನು ಅಲ್ಟ್ರಾಸೌಂಡ್‌ನಲ್ಲಿ ಗುರುತಿಸಿ, ಅದಕ್ಕೆ ಬಣ್ಣ ಚುಚ್ಚುವುದು. ಲಿವರ್ ಮೇಲೆ ಎಲ್ಲಿಯವರೆಗೆ ಬಣ್ಣ ಹರಡಿತೋ ಅಷ್ಟನ್ನೂ ಕತ್ತರಿಸುವುದು.

ಮೊದಲ ಎರಡು ವರ್ಷದಲ್ಲಿ ಮರಳುವುದು ಹೆಚ್ಚಾಗಿ ಹೀಗೆ ಉಳಿದುಕೊಂಡ ಹಳೇ ಕ್ಯಾನ್ಸರ್. ಆಮೇಲೆ ಬರುವುದು ಬಹಳ ಸಲ ಹೊಸದೇ. ಉಳಿದ ಲಿವರ್ ಆರೋಗ್ಯವಾಗಿಲ್ಲ, ಅಲ್ವಾ? ಹೆಪಟೈಟಿಸ್ ಬಿ ಅಥವಾ ಸಿ, ಕುಡಿತ, ಕೊಬ್ಬು ತುಂಬಿದ ಲಿವರ್, ಇವುಗಳಿಂದ ಸಾಮಾನ್ಯವಾಗಿ ಸಿರೋಸಿಸ್ ಆಗಿರುತ್ತದೆ, ಅಂದರೆ ಲಿವರ್ ಗಾಯದ ಕಲೆಗಳಿಂದ ಗಟ್ಟಿಯಾಗಿರುತ್ತದೆ. ಗಡ್ಡೆ ಹೋದರೂ ಅದನ್ನು ಹುಟ್ಟಿಸಿದ ಕಾಯಿಲೆ ಒಳಗೇ ಇರುತ್ತದೆ.

ಕ್ಯಾನ್ಸರ್ ಮರಳುವ ಈ ಎರಡೂ ದಾರಿಗಳನ್ನು ಬಹುಮಟ್ಟಿಗೆ ಒಟ್ಟಿಗೆ ಮುಚ್ಚಿ ತೋರಿಸಿದ್ದು 1996ರಲ್ಲಿ, ಇಟಲಿಯ ಮಿಲಾನ್‌ನಲ್ಲಿ. ಗಡ್ಡೆ ಒಂದೇ ಇದ್ದರೆ 5 ಸೆಂ.ಮೀ. ಒಳಗೆ, ಮೂರರವರೆಗೆ ಇದ್ದರೆ ಪ್ರತಿಯೊಂದೂ 3 ಸೆಂ.ಮೀ. ಒಳಗೆ. ಅಂಥವರಿಗೆ ಮಾತ್ರ ಡಾ. ಮಜ್ಜಾಫೆರೊ ತಂಡ ಲಿವರ್ ಕಸಿ ಮಾಡಿತು. ಗಡ್ಡೆ ಚಿಕ್ಕದಿರುವಾಗ ಜೀವಕೋಶಗಳು ಹೊರಬಿದ್ದಿರುವುದು ಕಡಿಮೆ, ಕಾಯಿಲೆ ಬಿದ್ದ ಲಿವರೂ ಉಳಿಯುವುದಿಲ್ಲ. 48 ಜನರಲ್ಲಿ ಕ್ಯಾನ್ಸರ್ ಮರಳಿದ್ದು ನಾಲ್ವರಿಗೆ ಮಾತ್ರ.

ಆದರೆ ಕಸಿ ಎಲ್ಲರಿಗೂ ಸಿಗುವುದಿಲ್ಲ. ಹಾಗಾಗಿ ಡಿಸ್ಚಾರ್ಜ್ ದಿನವೇ ಮನೆಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಹೆಪಟೈಟಿಸ್ ವೈರಸ್ ಇದ್ದರೆ ಡಾಕ್ಟರು ಹೇಳುವವರೆಗೆ ಮಾತ್ರೆ ನಿಲ್ಲಿಸಬಾರದು, ಕುಡಿತ ಪೂರ್ತಿ ಬಿಡಬೇಕು. ‘ಆರಾಮಾಗಿದ್ದೀನಲ್ಲ’ ಎಂದು ಸ್ಕ್ಯಾನ್ ಮತ್ತು ಲಿವರ್ ಕ್ಯಾನ್ಸರ್‌ನ ಸುಳಿವು ಕೊಡುವ ಎಎಫ್‌ಪಿ ರಕ್ತಪರೀಕ್ಷೆ ತಪ್ಪಿಸಬಾರದು. ಮರಳಿದ ಗಡ್ಡೆ ಚಿಕ್ಕದಿರುವಾಗಲೇ ಸಿಕ್ಕರೆ ಎಷ್ಟೋ ಜನರಿಗೆ ಮತ್ತೆ ಆಪರೇಷನ್ ಮಾಡಬಹುದು, ಸೂಜಿ ಹಾಕಿ ಸುಡಲೂಬಹುದು.