ಚಂದ್ರನ ರಾತ್ರಿಗೆ ಕರೆಂಟ್ ಎಲ್ಲಿಂದ?

2023ರ ಸೆಪ್ಟೆಂಬರ್ 2ರಂದು ಚಂದ್ರನ ಮೇಲೆ ಚಂದ್ರಯಾನ-3ರ ಪ್ರಜ್ಞಾನ್ ರೋವರನ್ನು ಮಲಗಿಸಿದರು. ಬ್ಯಾಟರಿ ಫುಲ್ ಇತ್ತು. 22ರಂದು ಸೂರ್ಯ ಹುಟ್ಟಿದಾಗ ಮೊದಲ ಬಿಸಿಲು ಬೀಳುವ ಕಡೆಗೇ ಸೋಲಾರ್ ಪ್ಯಾನೆಲ್ ಮುಖ ಮಾಡಿತ್ತು. ಎರಡು ದಿನ ಬಿಟ್ಟು ವಿಕ್ರಮ್ ಲ್ಯಾಂಡರ್ ಕೂಡ ಮಲಗಿತು. ಬೆಳಗಾದ ಮೇಲೆ ಇಸ್ರೋ ಕರೆದೇ ಕರೆಯಿತು. ಎರಡೂ ಓಗೊಡಲಿಲ್ಲ.

ಹಗಲಲ್ಲಿ 738 ವಾಟ್ ಕರೆಂಟ್ ಮಾಡುತ್ತಿದ್ದ ಲ್ಯಾಂಡರ್ ಅದು. ಆದರೆ ಚಂದ್ರನ ಒಂದು ರಾತ್ರಿ ಅಂದರೆ ನಮ್ಮ 14 ದಿನ. ಚಳಿ ಸೊನ್ನೆಗಿಂತ 150 ಡಿಗ್ರಿ ಕೆಳಗೆ ಇಳಿಯುತ್ತದೆ. ಬ್ಯಾಟರಿಯೇ ಹೆಪ್ಪುಗಟ್ಟಿದರೆ ಅದು ಫುಲ್ ಇದ್ದೇನು ಬಂತು?

ಕರೆಂಟಿನ ಈ ತಲೆನೋವು ಸ್ಪುಟ್ನಿಕ್ ಕಾಲದ್ದು. 1957ರ ಆ ಉಪಗ್ರಹದ ತೂಕ 83.6 ಕೆಜಿ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ಯಾಟರಿಯದ್ದೇ. ಮೂರು ವಾರ ಬೀಪ್ ಬೀಪ್ ಅಂದು ಸುಮ್ಮನಾಯಿತು.

ಮುಂದಿನ ವರ್ಷ ಮಾರ್ಚ್‌ನಲ್ಲಿ ಅಮೆರಿಕ ವ್ಯಾಂಗಾರ್ಡ್-1 ಹಾರಿಸಿತು. ಒಂದೂವರೆ ಕೆಜಿಯೂ ಇಲ್ಲದ ಗುಂಡು. ಚಕ್ಕೋತ ಹಣ್ಣು ಅಂತ ಸೋವಿಯತ್ ನಾಯಕ ಕ್ರುಶ್ಚೇವ್ ಆಡಿಕೊಂಡರು. ಅದರೊಳಗೆ ಎರಡು ಟ್ರಾನ್ಸ್‌ಮಿಟರ್ ಇದ್ದವು: ಒಂದಕ್ಕೆ ಬ್ಯಾಟರಿ, ಇನ್ನೊಂದಕ್ಕೆ ಸೋಲಾರ್. ಬ್ಯಾಟರಿಯದ್ದು ಜೂನ್‌ನಲ್ಲೇ ನಿಂತಿತು. ಸೋಲಾರ್‌ನದ್ದು 1964ರವರೆಗೆ ಮಾತಾಡುತ್ತಲೇ ಇತ್ತು! ಬ್ಯಾಟರಿಯೋ ಸೋಲಾರೋ ಎಂಬ ವಾದವೇ ಆಮೇಲೆ ಉಳಿಯಲಿಲ್ಲ.

ಹಾಗಂತ ಸೋಲಾರ್ ಹಾಕಿಬಿಟ್ಟರೆ ಮುಗಿಯಿತು ಅಂತಲ್ಲ. ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ನಮ್ಮ ಮೊದಲ ಉಪಗ್ರಹ ಆರ್ಯಭಟನ ಮೈತುಂಬ ಸೋಲಾರ್ ಸೆಲ್ ಇದ್ದವು. ಆದರೂ 1975ರ ಏಪ್ರಿಲ್‌ನಲ್ಲಿ ಹಾರಿದ ಕೆಲವೇ ದಿನಕ್ಕೆ ವಿದ್ಯುತ್ ವ್ಯವಸ್ಥೆ ಕೈಕೊಟ್ಟು ಅದರ ವಿಜ್ಞಾನ ಪ್ರಯೋಗಗಳು ನಿಂತವು.

ಚಂದ್ರನ ರಾತ್ರಿಗೆ ಮದ್ದು ಕಂಡುಕೊಂಡವರು ರಷ್ಯನ್ನರು. 1970ರ ನವೆಂಬರ್‌ನಲ್ಲಿ ಇಳಿದ ಲೂನೊಖೋದ್-1 ರೋವರ್ ನೋಡಲು ಚಕ್ರ ಕಟ್ಟಿದ ಮುಚ್ಚಳದ ಹಂಡೆ. ಸೋಲಾರ್ ಸೆಲ್ ಇದ್ದದ್ದು ಮುಚ್ಚಳದ ಒಳಮೈಯಲ್ಲಿ. ಹಗಲು ಮುಚ್ಚಳ ತೆರೆದು ಬಿಸಿಲು ಕಾಯಿಸುತ್ತಿತ್ತು, ರಾತ್ರಿ ಮುಚ್ಚಿಕೊಂಡು ಮಲಗುತ್ತಿತ್ತು. ಜೊತೆಗೆ ತನ್ನಷ್ಟಕ್ಕೆ ಬಿಸಿ ಕೊಡುವ ಪೊಲೋನಿಯಂ. ಬೂದಿ ಮುಚ್ಚಿದ ಕೆಂಡ ಅಂದುಕೊಳ್ಳಿ. ಅದರಿಂದ ಕರೆಂಟ್ ಬರುತ್ತಿರಲಿಲ್ಲ, ಬೆಚ್ಚಗಿರುತ್ತಿತ್ತು ಅಷ್ಟೇ. ಆ ಬಿಸಿಯಲ್ಲೇ ಹತ್ತು ತಿಂಗಳು ಓಡಾಡಿತು.

ಇಂಥ ಬಿಸಿಯಿಂದಲೇ ಕರೆಂಟನ್ನೂ ತೆಗೆಯಬಹುದು. ವಾಯೇಜರ್ ನೌಕೆಗಳು 1977ರಿಂದ ಪ್ಲುಟೋನಿಯಂ ನಂಬಿಯೇ ಬದುಕಿವೆ. ವರ್ಷಕ್ಕೆ ಸುಮಾರು 4 ವಾಟ್ ಕಮ್ಮಿ ಆಗುತ್ತದೆ, ಒಂದೊಂದೇ ಉಪಕರಣ ಆಫ್ ಮಾಡುತ್ತಾ ಬಂದಿದ್ದಾರೆ.

ಚಂದ್ರಯಾನ-3ರಲ್ಲೂ ಒಂದೊಂದು ವಾಟ್‌ನ ಇಂಥ ಎರಡು ಬಿಸಿಗುಂಡುಗಳಿದ್ದವು. ಆದರೆ ಅವು ಇದ್ದದ್ದು ಲ್ಯಾಂಡರನ್ನು ಚಂದ್ರನವರೆಗೆ ಹೊತ್ತೊಯ್ದು ಮೇಲೆ ಸುತ್ತುತ್ತಿದ್ದ ಪ್ರೊಪಲ್ಷನ್ ಮಾಡ್ಯೂಲ್‌ನಲ್ಲಿ, ಪರೀಕ್ಷೆಗೆ. ಕೆಳಗಿಳಿದ ವಿಕ್ರಮ್‌ಗೂ ಪ್ರಜ್ಞಾನ್‌ಗೂ ಕೊಟ್ಟಿದ್ದು 14 ದಿನದ ಕೆಲಸ ಮಾತ್ರ. ಅದನ್ನು ಎರಡೂ ಮುಗಿಸಿಯೇ ಮಲಗಿದ್ದವು.