ಕೈ ಎತ್ತಿ ಸ್ಕೀ ಅಳೆಯಬೇಡ್ರಿ

ಪ್ರಶ್ನೆ: "ಸರ್, ಜನವರಿಗೆ ನಾವು ನಾಲ್ಕು ಮಂದಿ ಗುಲ್ಮರ್ಗಿಗೆ ಹೊಂಟೀವಿ. ಸ್ಕೀ ಕಲೀಬೇಕು ಅಂತ ಭಾಳ ಆಸೆ. ಕೈಯಾಗ 20 ಸಾವಿರ ಅದ. ಇಷ್ಟರೊಳಗ ಒಳ್ಳೆ ಕ್ವಾಲಿಟಿ ಸ್ಕೀ ಯಾವುದು? ನನ್ನ ಎತ್ತರ 170 ಸೆಂಟಿಮೀಟರ್. ನಮ್ಮ ಕಾಕಾ ಮಿಲಿಟರಿಯೊಳಗ ಇದ್ದವರು. ಕೈ ಮ್ಯಾಲೆತ್ತಿ ನಿಂತರ ಮಣಿಕಟ್ಟಿಗೆ ಬರೋವಷ್ಟು ಉದ್ದದ್ದು ತಗೋ ಅಂದಾರ. ಆನ್‌ಲೈನ್‌ನಾಗ 200 ಸೆಂಟಿಮೀಟರಿನ ಹಳೇ ಜೋಡಿ 9 ಸಾವಿರಕ್ಕ ಸಿಕ್ಕೈತಿ. ತಗೊಳ್ಳಲೇನ್ರಿ?"
– ಗೋಕಾಕದ ಓದುಗರು

ತಗೊಳ್ಳಬೇಡಿ.

ಇಷ್ಟೇ ಹೇಳಿ ಮುಗಿಸಬಹುದಿತ್ತು. ಆದರೆ ದೀಪಾವಳಿ ಮುಗಿಯುತ್ತಿದ್ದಂತೆ ಪ್ರತಿ ವರ್ಷ ಈ ಪ್ರಶ್ನೆ ನನ್ನ ಬಾಗಿಲಿಗೆ ಬರುತ್ತದೆ. ಹುಕ್ಕೇರಿಯಿಂದ ಬರುತ್ತದೆ, ಚಿಕ್ಕೋಡಿಯಿಂದ ಬರುತ್ತದೆ, ಒಮ್ಮೆ ಮುಧೋಳದಿಂದಲೂ ಬಂತು. ಬಜೆಟ್ ಬೇರೆ ಬೇರೆ. ಕಾಕಾ ಮಾತ್ರ ಎಲ್ಲರಿಗೂ ಒಬ್ಬರೇ ಇದ್ದಾರೇನೋ ಅನ್ನಿಸುತ್ತದೆ. ಕೈ ಎತ್ತು, ಮಣಿಕಟ್ಟು ನೋಡು. ಈ ಸಲ ಕೂತು ಪೂರ್ತಿ ಬರೆದುಬಿಡುತ್ತೇನೆ. ಮುಂದಿನ ವರ್ಷ ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

ಮೊದಲು ದುಡ್ಡಿನ ಮಾತು. ಹಿಮದ ಮೇಲೆ ಜಾರುವ ಹಲಗೆ ಸ್ಕೀ, ಅದಕ್ಕೆ ಬೂಟನ್ನು ಕಚ್ಚಿಸುವ ಬೈಂಡಿಂಗ್, ಬೂಟು ಮೂರೂ ಹೊಸದಾಗಿ ಕೊಂಡರೆ ಅರ್ಧ ಲಕ್ಷ ಸುಮ್ನೆ ದಾಟುತ್ತದೆ. 20 ಸಾವಿರದಲ್ಲಿ ಮೂರೂ ಸಿಕ್ಕವು ಅಂದರೆ ಎಲ್ಲೋ ಏನೋ ಕೊಳೆತಿದೆ ಅಂತಲೇ ಅರ್ಥ. ಮೊದಲ ಸಲ ಹೋಗುವವರು ಸ್ಕೀ ಕೊಳ್ಳಲೇಬೇಡಿ. ಗುಲ್ಮರ್ಗ್‌ನಲ್ಲಿ ಬಾಡಿಗೆಗೆ ಸಿಗುತ್ತದೆ, ಮನಾಲಿ ಹತ್ತಿರದ ಸೋಲಂಗ್‌ನಲ್ಲಿ ಸಿಗುತ್ತದೆ, ಉತ್ತರಾಖಂಡದ ಔಲಿಯಲ್ಲೂ ಸಿಗುತ್ತದೆ. ಗುಲ್ಮರ್ಗ್ ಮತ್ತು ಮನಾಲಿಯ ಸರ್ಕಾರಿ ಸಂಸ್ಥೆಗಳ ಸ್ಕೀಯಿಂಗ್ ಕೋರ್ಸಿಗೆ ಸೇರಿದರೆ ಸಾಮಾನು ಅವರೇ ಕೊಡುತ್ತಾರೆ. ಕೈ ತುರಿಸುತ್ತಿದ್ದರೆ ಒಳ್ಳೆಯ ಗ್ಲೌಸ್, ಗಾಗಲ್ಸ್, ಹೆಲ್ಮೆಟ್ ಕೊಳ್ಳಿ. ಮುಂದಿನ ವರ್ಷವೂ ಆಸೆ ಉಳಿದಿದ್ದರೆ ಬೂಟು. ಸ್ಕೀ ಕೊಳ್ಳುವುದು ಎಲ್ಲದರ ಕೊನೆಗೆ.

ಇನ್ನು ಕಾಕಾ ಅವರ ವಿಷಯ.

ಅವರು ಸುಳ್ಳು ಹೇಳಿಲ್ಲ. ಅವರ ಕಾಲಕ್ಕೆ ಅದು ನಿಜವೇ ಆಗಿತ್ತು. ನಮ್ಮ ಸೈನ್ಯದ ಸ್ಕೀ ಶಾಲೆ ಗುಲ್ಮರ್ಗ್‌ನಲ್ಲಿ ಶುರುವಾದದ್ದು 1948ರಲ್ಲಿ. ಶುರು ಮಾಡಿಸಿದವರು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯ. ಅದೇ ಮುಂದೆ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಯಿತು. ಬೆಳಗಾವಿ ಕಡೆ ಮನೆಗೊಬ್ಬರು ಫೌಜಿ ಇರುತ್ತಾರೆ. ಹಾಗಾಗಿ ಆ ಕಾಲದ ಪಾಠ ನಮ್ಮ ಊರುಗಳಿಗೆ ನೇರವಾಗಿ ಬಂದಿದೆ. ಬಂದದ್ದು ಅಲ್ಲೇ ನಿಂತುಬಿಟ್ಟಿದೆ.

ಆಗಿನ ಸ್ಕೀ ನೇರವಾಗಿತ್ತು. ಹೆಚ್ಚುಕಡಿಮೆ ಪಟ್ಟಿ ಹಲಗೆ. ಅಂಥದ್ದು ಹಿಮದಲ್ಲಿ ಗಟ್ಟಿಯಾಗಿ ಹಿಡಿಯಬೇಕಾದರೆ, ವೇಗದಲ್ಲಿ ನಡುಗದೆ ಇರಬೇಕಾದರೆ, ಬೆನ್ನಿಗೆ ಹೊರೆ ಹೊತ್ತವನು ಹಿಮದೊಳಗೆ ಹೂತುಹೋಗದೆ ಇರಬೇಕಾದರೆ ಉದ್ದ ಬೇಕಿತ್ತು. 200 ಸೆಂಟಿಮೀಟರ್ ಆಗ ಮಾಮೂಲಿ ಅಳತೆ. ತಿರುಗಿಸಲಿಕ್ಕೆ ಮಾತ್ರ ವರ್ಷಗಟ್ಟಲೆ ಅಭ್ಯಾಸ ಬೇಕು. ಖಡೇಬಜಾರದ ಒಳಗಲ್ಲಿಯಲ್ಲಿ ಕಬ್ಬಿನ ಟ್ರಾಲಿ ತಿರುಗಿಸಿದ ಹಾಗೆ.

1990ರ ದಶಕದ ಶುರುವಿನಲ್ಲಿ ಇದು ಬದಲಾಯಿತು. ಸ್ಲೊವೇನಿಯಾದ ಎಲಾನ್ ಕಂಪನಿ ಎಸ್‌ಸಿಎಕ್ಸ್ ಅನ್ನುವ ಸ್ಕೀ ತಂದಿತು. ಮುಂದೆ ಅಗಲ, ಹಿಂದೆ ಅಗಲ, ನಡುವೆ ಸಣ್ಣ ಸೊಂಟ. ಬುಡಬುಡಿಕೆಯನ್ನು ಹಿಡಿದು ಎಳೆದು ಉದ್ದ ಮಾಡಿದರೆ ಹೇಗಿರುತ್ತದೆ, ಹಾಗೆ. ಹಳೇ ಸ್ಕೀಗೂ ಸೊಂಟ ಇತ್ತು, ಆದರೆ ಹೆಸರಿಗೆ ಮಾತ್ರ. ಈ ಹೊಸ ಆಕಾರ ಕೆಲವೇ ವರ್ಷಗಳಲ್ಲಿ ಹಳೆಯದನ್ನು ಅಂಗಡಿಯಿಂದಲೇ ಓಡಿಸಿತು.

ಯಾಕೆ ಅಂತ ತಿಳಿಯಬೇಕಾದರೆ ಒಂದು ಸ್ಕೀಯನ್ನು ಕಟ್ಟೆಯ ಮೇಲೆ ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ ನೋಡಿ. ಮೂತಿ ತಾಗುತ್ತದೆ, ಬಾಲ ತಾಗುತ್ತದೆ, ಸೊಂಟ ಗಾಳಿಯಲ್ಲಿ ಇರುತ್ತದೆ. ಈಗ ಸೊಂಟವನ್ನು ಕೆಳಗೆ ಒತ್ತಿ. ಇಡೀ ಸ್ಕೀ ಬಿಲ್ಲಿನ ಹಾಗೆ ಬಾಗುತ್ತದೆ. ಹಿಮದ ಮೇಲೆ ನಿಮ್ಮ ಮೈಭಾರವೇ ಆ ಒತ್ತುವ ಕೆಲಸ ಮಾಡುತ್ತದೆ. ಬಾಗಿದ ಅಂಚು ಮುಂದೆ ಹೋದಂತೆ ತಾನೇ ವೃತ್ತ ಕೊರೆಯುತ್ತದೆ. ನೀವು ಒದ್ದಾಡಿ ತಿರುಗಿಸುವುದಿಲ್ಲ, ಅದೇ ತಿರುಗುತ್ತದೆ. ಆ ವೃತ್ತದ ತ್ರಿಜ್ಯ ಎಷ್ಟು ಅನ್ನುವುದನ್ನು ಸ್ಕೀ ಮೇಲೇ ಮೀಟರಿನಲ್ಲಿ ಬರೆದಿರುತ್ತಾರೆ. ಕಲಿಯುವವರಿಗೆ 12ರಿಂದ 15 ಚೆನ್ನಾಗಿರುತ್ತದೆ.

ಇಲ್ಲಿ ಒಂದು ಮಾತು ಗಮನಿಸಿ. ಸ್ಕೀ ಬಾಗುವುದು ಭಾರಕ್ಕೆ. ನಿಮ್ಮ ಕೈ ಎಷ್ಟು ಉದ್ದ ಅನ್ನುವುದಕ್ಕೂ ಅದಕ್ಕೂ ಏನು ಸಂಬಂಧ? 170 ಸೆಂಟಿಮೀಟರ್ ಎತ್ತರದ ಇಬ್ಬರಿದ್ದಾರೆ ಅಂದುಕೊಳ್ಳಿ. ಒಬ್ಬರು 58 ಕೆಜಿ, ಇನ್ನೊಬ್ಬರು 88 ಕೆಜಿ. ಕಾಕಾ ಲೆಕ್ಕದಲ್ಲಿ ಇಬ್ಬರಿಗೂ 200. ಈಗಿನ ಲೆಕ್ಕದಲ್ಲಿ ಮೊದಲನೆಯವರಿಗೆ 150, ಎರಡನೆಯವರಿಗೆ 160. ನೆಲದ ಮೇಲೆ ನಿಲ್ಲಿಸಿದರೆ ಗದ್ದದಿಂದ ಮೂಗಿನವರೆಗೆ ಬರಬೇಕು. ಕಲಿಯುವವರಿಗೆ ಅಷ್ಟು ಸಾಕು.

"ಗಿಡ್ಡ ಸ್ಕೀ ಅಂದ್ರೆ ಮಕ್ಕಳಾಟ, ಪಕ್ಕಾ ಆಟಗಾರರು ಉದ್ದದ್ದೇ ಹಾಕ್ತಾರ" ಅಂತ ನನಗೆ ಮುಖಕ್ಕೇ ಹೇಳಿದವರಿದ್ದಾರೆ. ಕೇಳಿ. ಹತ್ತಿರ ಹತ್ತಿರದ ಕಂಬಗಳನ್ನು ಸುತ್ತುತ್ತ ಇಳಿಯುವ ವಿಶ್ವಕಪ್ ಸ್ಲಾಲಮ್‌ನಲ್ಲಿ ಗಂಡಸರ ಸ್ಕೀ ಕನಿಷ್ಠ 165 ಸೆಂಟಿಮೀಟರ್ ಇರಬೇಕು ಅಂತ ನಿಯಮ ಇದೆ, ಹೆಂಗಸರದ್ದು 155. ಕನಿಷ್ಠ ಅನ್ನುವ ಪದ ನೋಡಿದಿರಾ? ಹೊಸ ಆಕಾರ ಬಂದ ಮೇಲೆ ಆಟಗಾರರು ಗಿಡ್ಡ, ಇನ್ನೂ ಗಿಡ್ಡ ಅಂತ ಹೊರಟರು. ತಡೆಯಲಿಕ್ಕೆ ನಿಯಮ ಬೇಕಾಯಿತು! ಆರಡಿ ಎತ್ತರದ ಚಾಂಪಿಯನ್ ತನಗಿಂತ ಗಿಡ್ಡ ಸ್ಕೀ ಹಾಕಿಕೊಂಡು ಗೆಲ್ಲುತ್ತಾನೆ. ಅದೇ ಡೌನ್‌ಹಿಲ್ ಸ್ಪರ್ಧೆಯಲ್ಲಿ ಗಂಡಸರಿಗೆ ಕನಿಷ್ಠ 218. ಯಾಕೆಂದರೆ ಅಲ್ಲಿ ತಿರುವು ಕಡಿಮೆ, ವೇಗ ಗಂಟೆಗೆ 100 ಕಿಲೋಮೀಟರ್ ದಾಟುತ್ತದೆ. ಅಂದರೆ ಉದ್ದವನ್ನು ಗೊತ್ತು ಮಾಡುವುದು ಕೆಲಸ. ನಿಮ್ಮ ಕೆಲಸ ಏನು? ಮೊದಲ ವಾರದಲ್ಲಿ ಬೀಳದೆ ನಿಲ್ಲುವುದು.

ಈ ಮಾತು ಸಾಯದೆ ಇರಲಿಕ್ಕೆ ಇನ್ನೊಂದು ಕಾರಣ ಫೋಟೋಗಳು. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಫೋಟೋ ಕಳಿಸಿ, "ನೋಡ್ರಿ, ಆಳಿಗಿಂತ ಉದ್ದ ಐತಿ" ಅಂದವರಿದ್ದಾರೆ. ಅವರು ಮಾಡುವುದು ಕ್ರಾಸ್ ಕಂಟ್ರಿ ಸ್ಕೀಯಿಂಗ್. ಹಿಮದ ಮೇಲೆ ಕಿಲೋಮೀಟರ್‌ಗಟ್ಟಲೆ ಓಡುವ ಆಟ. ಸಪೂರ, ಹಗುರ, ಉದ್ದ ಸ್ಕೀ, ಹಿಮ್ಮಡಿ ಮೇಲೇಳುವ ಬೈಂಡಿಂಗ್. ಇಳಿಜಾರಿನಲ್ಲಿ ಜಾರುವ ನಮ್ಮ ಸ್ಕೀ ಬೇರೆಯೇ ಸಾಮಾನು. ಎರಡನ್ನೂ ಒಂದೇ ಅನ್ನುವುದು ರೇಸ್ ಸೈಕಲ್ಲು, ಹಾಲಿನವನ ಸೈಕಲ್ಲು ಎರಡೂ ಒಂದೇ ಅಂದ ಹಾಗೆ.

ನಾನೂ ಮೋಸ ಹೋದವನೇ, ಅದಕ್ಕೇ ಇಷ್ಟು ಕೋಪ. ನನ್ನ ಮೊದಲ ಜೋಡಿ 195ರದ್ದು. ಒಬ್ಬರ ಮಾತು ಕೇಳಿ ದಿಲ್ಲಿಯಲ್ಲಿ ಹಳೆಯದು ಕೊಂಡೆ. ಗೋವಾ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ತರುವಾಗ ಬರ್ತ್ ಕೆಳಗೆ ಹೋಗಲಿಲ್ಲ. ಬೆಳಗಾವಿವರೆಗೆ ಹೋಗಿಬರುವವರೆಲ್ಲ ಎಡವಿ ಬೈದರು. ಮುಂದಿನ ಚಳಿಗಾಲ ಸೋಲಂಗ್‌ನಲ್ಲಿ ಮೂರು ದಿನ ಅದರ ಮೇಲೆ ನಿಂತು ಬಿದ್ದೆ, ಎದ್ದು ಬಿದ್ದೆ. ನಾಲ್ಕನೇ ದಿನ ಕಲಿಸುವವರು ನನ್ನ ಸ್ಕೀ ಕಸಿದುಕೊಂಡು ಬಾಡಿಗೆಯ 155 ಕೊಟ್ಟರು. ಮಧ್ಯಾಹ್ನದ ಊಟದೊಳಗೆ ಎರಡೂ ಕಡೆ ತಿರುಗುತ್ತಿದ್ದೆ. ಆ 195ರ ಜೋಡಿ ಈಗ ಹಿತ್ತಲಲ್ಲಿದೆ. ಹೀರೆಬಳ್ಳಿ ಅದರ ಮೇಲೆ ಚೆನ್ನಾಗಿ ಹಬ್ಬಿದೆ.

ಸ್ಕೀ ಮೇಲೆ 121-74-106 ಅಂತ ಮೂರು ಸಂಖ್ಯೆ ಇರುತ್ತವೆ. ಮೂತಿ, ಸೊಂಟ, ಬಾಲದ ಅಗಲ, ಮಿಲಿಮೀಟರಿನಲ್ಲಿ. ನಡುವಿನದು 70ರಿಂದ 85ರೊಳಗೆ ಇರಲಿ. "ಗುಲ್ಮರ್ಗ್ ಅಂದ್ರೆ ಪೌಡರ್ ಹಿಮ, ಮೆತ್ತನೆ ಪುಡಿ, 100 ದಾಟಿದ ಅಗಲದ್ದು ಬೇಕು" ಅನ್ನುವವರು ಗೊಂಡೋಲಾ, ಅಂದರೆ ಕೇಬಲ್ ಕಾರು, ಹತ್ತಿ ಅಫರ್ವಾಟ್ ಬೆಟ್ಟದಿಂದ ಇಳಿಯುವವರು. ಆ ಗೊಂಡೋಲಾ ನಿಲ್ಲುವುದು ಸುಮಾರು 3,950 ಮೀಟರ್ ಎತ್ತರದಲ್ಲಿ. ನೀವು ಮೊದಲ ವಾರ ಕೆಳಗೆ, 2,650 ಮೀಟರಿನ ಬಯಲಿನಲ್ಲೇ ಇರುತ್ತೀರಿ.

ಈಗ ಬೂಟು. ದುಡ್ಡು ಇಲ್ಲಿ ಹಾಕಿ. ಸ್ಕೀ ಕೆಟ್ಟದಿದ್ದರೂ ಒಂದು ದಿನ ತಳ್ಳಬಹುದು. ಬೂಟು ಕಚ್ಚಿದರೆ ಅರ್ಧ ಗಂಟೆಗೆ ಕಣ್ಣೀರು ಬರುತ್ತದೆ. 8, 9 ಅನ್ನುವ ನಮ್ಮ ನಂಬರು ಇಲ್ಲಿ ನಡೆಯುವುದಿಲ್ಲ. ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ನಿಲ್ಲಿ. ಹೆಬ್ಬೆರಳ ತುದಿಗೆ ಗೆರೆ ಹಾಕಿ ಅಳೆಯಿರಿ. 26.5 ಸೆಂಟಿಮೀಟರ್ ಬಂದರೆ ನಿಮ್ಮ ಬೂಟಿನ ನಂಬರೂ 26.5. ಇಷ್ಟು ಸರಳ ಲೆಕ್ಕ ಚಪ್ಪಲಿ ಅಂಗಡಿಯವರಿಗೆ ಯಾಕೆ ಹೊಳೆಯಲಿಲ್ಲವೋ. ಒಳಗಿನ ಮೆತ್ತೆ ಬೂಟನ್ನು ಹೊರಗೆಳೆದು, ಬರೀ ಪ್ಲಾಸ್ಟಿಕ್ ಚಿಪ್ಪಿನಲ್ಲಿ ಕಾಲಿಡಿ. ಬೆರಳು ಮುಂದೆ ತಾಗಿದಾಗ ಹಿಮ್ಮಡಿ ಹಿಂದೆ ಒಂದೂವರೆ, ಎರಡು ಸೆಂಟಿಮೀಟರ್ ಸಂದು ಇರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ದೊಡ್ಡದಾಯಿತು. ಮೆತ್ತೆ ಹಾಕಿ, ಬಕಲ್ ಬಿಗಿದು ಮಂಡಿ ಮುಂದೆ ಬಾಗಿಸಿ. ಹಿಮ್ಮಡಿ ಮೇಲೇಳಬಾರದು. ಮತ್ತೆ ದಯವಿಟ್ಟು ಒಂದೇ ಕಾಲುಚೀಲ, ಅದೂ ತೆಳ್ಳಗಿನದು. ಚಳಿ ಅಂತ ಎರಡೆರಡು ಉಣ್ಣೆ ಕಾಲುಚೀಲ ತುರುಕಿದರೆ ರಕ್ತ ಓಡುವುದಿಲ್ಲ, ಕಾಲು ಇನ್ನೂ ತಣ್ಣಗಾಗುತ್ತದೆ.

ಬೂಟು ಎಷ್ಟು ಬಿರುಸು ಅನ್ನುವುದಕ್ಕೆ ಫ್ಲೆಕ್ಸ್ ಸಂಖ್ಯೆ ಇರುತ್ತದೆ. ಕಲಿಯುವ ಗಂಡಸರಿಗೆ 80–90, ಹೆಂಗಸರಿಗೆ 60–80 ಸಾಕು. ಒಂದು ಕಂಪನಿಯ 90 ಇನ್ನೊಂದರ 90 ಆಗಿರುವುದಿಲ್ಲ, ಅದಕ್ಕೇ ಹಾಕಿ ನೋಡದೆ ಕೊಳ್ಳಬೇಡಿ.

ಇಷ್ಟಾದರೂ ಹಳೇ ಸ್ಕೀ ಬೇಕೇ ಬೇಕು ಅನ್ನುವವರು ಮಾರ್ಚ್ ಹೊತ್ತಿಗೆ, ಸೀಸನ್ ಮುಗಿಯುವಾಗ, ಬಾಡಿಗೆ ಅಂಗಡಿಗಳಲ್ಲಿ ಕೇಳಿ. ಎರಡನ್ನೂ ಅಡಿಗೆ ಅಡಿ ಸೇರಿಸಿ ಹಿಡಿದು ಪಕ್ಕದಿಂದ ನೋಡಿ. ನಡುವೆ ಸಣ್ಣ ಸಂದು ಕಾಣಬೇಕು, ಯಾವುದೂ ತಿರುಚಿರಬಾರದು. ಉಕ್ಕಿನ ಅಂಚು ಉಜ್ಜಿ ಉಜ್ಜಿ ತೆಳ್ಳಗಾಗಿದ್ದರೆ ಬೇಡ. ಮೇಲಿನ ಪದರ ಏಳುತ್ತಿದ್ದರೆ ಬೇಡ. ಅಡಿಯಲ್ಲಿ ಮರ ಕಾಣುವಷ್ಟು ಗಾಯ ಇದ್ದರೆ ಬೇಡ. ಮೇಲ್ಮೈ ತುಕ್ಕು ಉಜ್ಜಿದರೆ ಹೋಗುತ್ತದೆ, ಹೆದರಬೇಡಿ.

ಬೈಂಡಿಂಗ್ ವಿಷಯದಲ್ಲಿ ಮಾತ್ರ ಚೌಕಾಸಿ ಇಲ್ಲ. ನೀವು ಬಿದ್ದಾಗ ಬೂಟನ್ನು ಬಿಟ್ಟುಕೊಟ್ಟು ಕಾಲು ಉಳಿಸುವುದು ಅದು. ಎಷ್ಟು ಬಲಕ್ಕೆ ಬಿಡಬೇಕು ಅನ್ನುವ ಡಿನ್ ಸಂಖ್ಯೆಯನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ನಿಮ್ಮ ಅನುಭವ ಎಲ್ಲ ನೋಡಿ ಇಡುತ್ತಾರೆ. ಅಂಗಡಿಯವರು ತೂಕ ಕೇಳಿದಾಗ ನಾಚಿಕೆಪಟ್ಟು ಹತ್ತು ಕೆಜಿ ಇಳಿಸಬೇಡಿ, ಪೌರುಷಕ್ಕೆ ಏರಿಸಲೂ ಬೇಡಿ. ತೀರಾ ಹಳೇ ಬೈಂಡಿಂಗನ್ನು ಕಂಪನಿಗಳೇ ಕೈಬಿಟ್ಟಿರುತ್ತವೆ. ನೀವು ಹೇಳಿದ 9 ಸಾವಿರದ ಜೋಡಿಯ ಉದ್ದ ನೋಡಿದರೆ ಅದರ ಬೈಂಡಿಂಗೂ ಕಾಕಾ ಕಾಲದ್ದೇ ಇರಬೇಕು. ಹೊಸ ಬೂಟುಗಳ ಅಡಿ ಹಳೇ ಬೈಂಡಿಂಗಿಗೆ ಎಲ್ಲವೂ ಕೂರುವುದಿಲ್ಲ, ಅದೂ ಒಂದು.

ಕೊಂಡು ಊರಿಗೆ ತಂದರೆ ನಮ್ಮ ಮಳೆಗಾಲ ಕಾಯುತ್ತಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಉಕ್ಕಿನ ಅಂಚು ಉಳಿಯುತ್ತದೆಯೇ? ಅಡಿಗೆ, ಅಂಚಿಗೆ ದಪ್ಪಗೆ ವ್ಯಾಕ್ಸ್ ಬಳಿದು ಒಣ ಜಾಗದಲ್ಲಿಡಿ. ಕೆರೆಯಬೇಡಿ, ಚಳಿಗಾಲದವರೆಗೆ ಹಾಗೇ ಇರಲಿ.

ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಸರಿಯಾಗಿ ಕೇಳುವುದಿಲ್ಲ. ಬೆಳಗಾವಿ ಸ್ಕೇಟಿಂಗ್ ಊರು. ಸಂಜೆ ರಿಂಕ್ ಕಡೆ ಹೋದರೆ ಆರು ವರ್ಷದ ಮಕ್ಕಳು ಚಕ್ರದ ಮೇಲೆ ಮೀನಿನ ಹಾಗೆ ಓಡಾಡುತ್ತಿರುತ್ತಾರೆ. ಅವರ ಅಪ್ಪಂದಿರು ಕೇಳುವುದು "ಮಗನಿಗೆ ಸ್ಕೀ ಎಷ್ಟು ರೊಕ್ಕ ಆಗ್ತದ?" ಅಂತ. ಮಕ್ಕಳ ಕಾಲು ವರ್ಷಕ್ಕೊಂದು ಅಳತೆ ಬೆಳೆಯುತ್ತದೆ, ಬಾಡಿಗೆಗೆ ತಗೊಳ್ಳಿ, ಮುಗಿಯಿತು. ಕೇಳಬೇಕಾದದ್ದು ಬೇರೆ. ಈ ಸ್ಕೇಟಿಂಗ್ ಅಲ್ಲಿ ಉಪಯೋಗಕ್ಕೆ ಬರುತ್ತದೆಯೇ ಅಂತ.

ಬರುತ್ತದೆ, ಅರ್ಧ. ಒಂಟಿ ಕಾಲಿನ ಮೇಲೆ ಭಾರ ಹಾಕಿ ನಿಲ್ಲುವುದು, ತಿರುವಿನಲ್ಲಿ ಹೊರಗಿನ ಕಾಲನ್ನು ಒತ್ತುವುದು, ಮಂಡಿ ಬಾಗಿಸುವುದು ಎಲ್ಲ ಆ ಮಕ್ಕಳಿಗೆ ಬಂದೇ ಇರುತ್ತದೆ. ಆದರೆ ಚಕ್ರದ ಮೇಲೆ ವೇಗ ಹುಟ್ಟಿಸಲಿಕ್ಕೆ ಒದೆಯಬೇಕು. ಬೆಟ್ಟದಲ್ಲಿ ವೇಗ ಪುಕ್ಕಟೆ ಸಿಗುತ್ತದೆ, ಅದನ್ನು ಕಳೆಯುವುದೇ ವಿದ್ಯೆ. ಹಾಗಾಗಿ ಇಳಿಜಾರಿನ ಸ್ಕೀಗಿಂತ ಕ್ರಾಸ್ ಕಂಟ್ರಿಗೇ ಈ ಮಕ್ಕಳು ಹೆಚ್ಚು ಹತ್ತಿರ. ಅದರಲ್ಲಿ ಸ್ಕೇಟ್ ಮಾಡಿದ ಹಾಗೇ ಒದ್ದು ಓಡುವ ಒಂದು ಪದ್ಧತಿ ಇದೆ. 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನಿಂದ ಅದಕ್ಕೆ ಬೇರೆಯೇ ಸ್ಪರ್ಧೆಗಳಿವೆ. ಬೇಸಿಗೆಯಲ್ಲಿ ಆ ಆಟಗಾರರು ಹಿಮ ಹುಡುಕಿಕೊಂಡು ಹೋಗುವುದಿಲ್ಲ. ಗಿಡ್ಡ ಹಲಗೆಯ ಎರಡು ತುದಿಗೆ ಚಕ್ರ ಇರುವ ರೋಲರ್ ಸ್ಕೀ ಕಟ್ಟಿಕೊಂಡು ಡಾಂಬರು ರಸ್ತೆಯಲ್ಲಿ ಓಡುತ್ತಾರೆ. ನಮ್ಮಲ್ಲಿ ಡಾಂಬರಿಗೆ ಬರ ಇಲ್ಲ. ಆದರೆ ಸಾಮಾನ್ಯವಾಗಿ ಅದಕ್ಕೆ ಬ್ರೇಕ್ ಇರುವುದಿಲ್ಲ, ಕೈಯಲ್ಲಿ ಎರಡು ಉದ್ದ ಕೋಲು ಬೇರೆ. ನಸುಕಿನಲ್ಲಿ ಬೀದಿ ನಾಯಿಗಳು ಇದನ್ನು ಹೇಗೆ ತಗೊಳ್ಳುತ್ತವೆ ಅನ್ನುವುದನ್ನು ಮೊದಲು ಅಪ್ಪಂದಿರೇ ಓಡಿ ನೋಡಲಿ.